ಅವ್ವ ಬಾಯಿ ಮುಕ್ಕಳಿಸುವ ಲೋಟ

ಬಿಳಿಗೆರೆ
18-7-1999

ಪ್ರೀತಿಯ ರಾಜಮ್ಮಣ್ಣಿ ಅಕ್ಕನಿಗೆ,

ನಿನ್ನ ತಮ್ಮ ಅಮೃತೇಶನ ನಮಸ್ಕಾರ. ನಟರಾಜ್ ಭಾವನಿಗೂ ಅವರ ತಾಯಿ ಗೋವಿಂದಮ್ಮನವರಿಗೂ ನಮಸ್ಕಾರ ಹೇಳು. ದಿವ್ಯಾಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಯುಗಾದಿಗೆ ನೀನು ನರಸೀಪುರದಿಂದ ಬರೆದ ಕಾಗದಕ್ಕೆ ಆಷಾಢದಲ್ಲಿ ಉತ್ತರ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ. ಕಾಗದ ನಂಜನಗೂಡಿನ ಸೈಕಲ್ ಶಾಪಿಗೆ ಸರಿಯಾಗಿಯೇ ಬಂದಿತ್ತು. ಶಾಪಿನ ಚಿಕ್ಕಮಾದು ಅದನ್ನು ಪಂಕ್ಚರ್ ಸಾಮಾನಿನ ಡಬ್ಬದಲ್ಲಿ ಜೋಪಾನ ಮಾಡಿದ್ದ. ಊರಲ್ಲಿ ಇಲ್ಲದವನು ನಾನು. ಬಾಳೆಹಣ್ಣಿನ ಟೆಂಪೋಗೆ ಕ್ಲೀನರ್ ಆಗಿ ಸೇರಿಕೊಂಡು ಊಟಿ, ಕೇರಳ ಅಂತ ತಿರುಗುತ್ತಿದ್ದೆ. ಈಗ ಅದನ್ನೂ ಬಿಟ್ಟೆ. ನಗಬೇಡ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೂ ಎಲ್ಲರಿಗಿಂತ ಮೊದಲು ಪೇಪರ್ ಕೊಟ್ಟು ಎದ್ದು ಬಂದವನು ನಾನು, ಒಂದು ಕಡೆ ಕೂರುವುದು ನನ್ನ ಕೈಲಿ ಆಗುವುದಿಲ್ಲ ಎಂದು ನಿನಗೆ ಗೊತ್ತು.

ಆದರೆ ಈ ಸಲ ಬಿಟ್ಟಿದ್ದು ಬೇಜಾರಿಗಲ್ಲ. ಹೆದರಬೇಡ, ಪೂರ್ತಿ ಓದು. ಅವ್ವನಿಗೆ ಎದೆಯ ತೊಂದರೆ ಆಗಿದೆ. ಶಿವರಾತ್ರಿ ಆದ ಮೇಲೆ ಒಂದು ಬಿಂದಿಗೆ ನೀರು ಹೊತ್ತು ಬರುವುದರೊಳಗೆ ಮೂರು ಕಡೆ ಕೂರುತ್ತಿದ್ದಳಂತೆ. ಕಾಲು ಊದಿಕೊಂಡಿತ್ತು. ವಯಸ್ಸಾಯಿತು ಎಂದುಕೊಂಡು ಯಾರಿಗೂ ಹೇಳಿಲ್ಲ. ಮೈಸೂರಿನಲ್ಲಿ ತೋರಿಸಿದರೆ ಅವರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಚಿಕ್ಕ ಹುಡುಗಿಯಾಗಿದ್ದಾಗ ಅವ್ವನಿಗೆ ಕೀಲು ಊದಿ ಜ್ವರ ಬರುತ್ತಿತ್ತಂತಲ್ಲ, ಅದು ಆಗಲೇ ಹೃದಯದ ಒಂದು ಬಾಗಿಲನ್ನು ಕೆಡಿಸಿ ಹೋಗಿದೆಯಂತೆ. ಈಗ ಆ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಅದನ್ನು ತೆಗೆದು ಹೊಸದು ಹಾಕಬೇಕು.

ಅಪ್ಪ ಒಪ್ಪಿಕೊಂಡ. ಅವ್ವನೂ ಒಪ್ಪಿಕೊಂಡಳು. ಕೊನೆಗೆ ದೊಡ್ಡ ಡಾಕ್ಟರು ಬಂದರು. ಎದೆ ನೋಡಿದರು, ಫೋಟೋ ನೋಡಿದರು, ಆಮೇಲೆ ಅವ್ವನಿಗೆ ಬಾಯಿ ತೆಗೆ ಎಂದು ಟಾರ್ಚ್ ಬಿಟ್ಟರು. ಅವ್ವನ ಬಾಯಿ ನಿನಗೆ ಗೊತ್ತಲ್ಲ. ಎಲೆ ಅಡಿಕೆ, ಹೊಗೆಸೊಪ್ಪು, ಒಸಡಿನ ಹತ್ತಿರ ಕರ್ರಗೆ ಕಟ್ಟಿಕೊಂಡಿದ್ದು. ಒಸಡು ಊದಿ ಎರಡು ದವಡೆ ಹಲ್ಲು ಅಲ್ಲಾಡುತ್ತಿವೆ. ಡಾಕ್ಟರು ಟಾರ್ಚ್ ಆರಿಸಿ, "ಮೊದಲು ಬಾಯಿ ಸರಿ ಮಾಡಿಸಿಕೊಂಡು ಬನ್ನಿ. ಈ ಬಾಯಿ ಹೀಗೇ ಇದ್ದರೆ ನಾನು ಎದೆಗೆ ಕೈ ಹಾಕಲ್ಲ" ಎಂದರು.

ಬರುವಾಗ ಬಸ್ಸಿನಲ್ಲಿ ಅಪ್ಪ ಮೈಸೂರಿನವರೆಗೂ ಗೊಣಗಿದ.

"ಎತ್ತಿನ ಯಾಪಾರಕ್ಕೆ ಬಂದವ್ನಂಗೆ ಅಲ್ಲು ನೋಡಿ ಕಳುಸ್ಬುಟ್ನಲ್ಲ. ವಯಸ್ಸು ಬೇಕಿದ್ರೆ ನನ್ನೇ ಕೇಳ್ಬೋದಾಗಿತ್ತು."

ಅವ್ವ ಕಿಟಕಿ ಕಡೆ ತಿರುಗಿಕೊಂಡು, "ನಾನು ಅಲ್ಲೆಲ್ಲ ಬಂದು ಬಾಯ್ಗೂಡಿ ಯಾವ ಕಾಲಾಯ್ತೋ, ಮುದಿ ಎತ್ತ ಯಾರು ಕೊಂಡ್ಕಂಡಾರು" ಎಂದಳು. ಆ ಉಬ್ಬಸದಲ್ಲೂ ನಕ್ಕಳು. ಆಪರೇಶನ್ ತಪ್ಪಿದ್ದಕ್ಕೆ ಅವಳಿಗೆ ಒಳಗೊಳಗೇ ಸಮಾಧಾನ ಆಗಿತ್ತು ಅಂತ ನನ್ನ ಲೆಕ್ಕ.

ಮಾರನೆಯ ವಾರ ಅವಳನ್ನು ಮೈಸೂರಿನ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಿನಗಿಂತ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ. ಸಮಾಧಾನವಾಗಿ ಹೇಳಿದರು. ಒಸಡಲ್ಲಿ ಕೊಳೆ ನಿಂತರೆ ಕೀವಾಗುತ್ತದೆ, ಅಲ್ಲಿನ ಹುಳ ಅಗಿದಾಗೆಲ್ಲ ರಕ್ತಕ್ಕೆ ಸೇರುತ್ತದೆ, ರಕ್ತ ನೇರ ಎದೆಗೆ ಹೋಗುತ್ತದೆ, ಹೊಸ ಬಾಗಿಲಿನ ಮೇಲೆ ಹೋಗಿ ಕೂತರೆ ಮಾಡಿದ ಆಪರೇಶನ್ ಎಲ್ಲ ಹಾಳು, ಜೀವಕ್ಕೇ ಅಪಾಯ. ನಾನು ನಮ್ಮ ಗದ್ದೆಯ ತೂಬನ್ನು ನೆನೆಸಿಕೊಂಡೆ. ಎಷ್ಟು ಒಳ್ಳೆ ತೂಬು ಕೂರಿಸಿದರೂ ಮೇಲಿನ ಕಾಲುವೆಯಲ್ಲಿ ಕಸ ಇದ್ದರೆ ಅದು ತೇಲಿಕೊಂಡು ಬಂದು ಅಲ್ಲೇ ಸಿಕ್ಕಿಕೊಳ್ಳುವುದು. ಮೇಲಿನ ಕಾಲುವೆ ಅಂದರೆ ಬಾಯಿ. ಅಷ್ಟು ಅರ್ಥವಾದ ಮೇಲೆ ನನಗೆ ಭಯವಾಯಿತು. ಬೆಳಿಗ್ಗೆ ಒಂದು ಸಲ ಉಜ್ಜಿದರೆ ಮುಗಿಯಿತು ಎಂದುಕೊಂಡಿದ್ದ ನನ್ನ ನಾಲಿಗೆಯೂ ನನ್ನ ಹಲ್ಲನ್ನು ತಡವಿ ನೋಡಿಕೊಂಡಿತು.

ಆದರೆ ಡಾಕ್ಟರಮ್ಮ ಸ್ಟೀಲಿನ ಪುಟ್ಟ ಕನ್ನಡಿ ಹಿಡಿದು ಬಗ್ಗಿದರು ನೋಡು, ಅವ್ವ ಬಾಯಿ ಮುಚ್ಚಿಬಿಟ್ಟಳು. ಕೇಳಿದರೆ ಸೆರಗು ಅಡ್ಡ ಇಟ್ಟುಕೊಂಡು ನನ್ನ ಕಿವಿಯಲ್ಲಿ, "ಯಾರ್ಯಾರ ಬಾಯ್ಗೆ ಇಕ್ಕಿದ್ರೋ ಕಣ್ಲಾ. ಆ ಎಂಜ್ಲ ನನ್ನ ಬಾಯ್ಗೆ ಇಕ್ತಾರಾ?" ಎಂದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಹೊರಗೆ ಕಾದಿದ್ದವರೆಲ್ಲ ನೋಡುತ್ತಿದ್ದರು. ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳದೆ ಒಂದು ಬ್ರಷ್ ಕೊಟ್ಟು, ದಿನಕ್ಕೆ ಎರಡು ಸಲ ಉಜ್ಜಿ, ಉಂಡ ಮೇಲೆಲ್ಲ ಉಪ್ಪು ಬೆರೆಸಿದ ಬಿಸಿನೀರಲ್ಲಿ ಮುಕ್ಕಳಿಸಿ, ಹೊಗೆಸೊಪ್ಪು ಬಿಟ್ಟು, ಮನಸ್ಸು ಮಾಡಿದಾಗ ಬನ್ನಿ ಅಮ್ಮ ಎಂದು ಕಳಿಸಿದರು.

ಅಕ್ಕ, ವಿಷಯ ಇಷ್ಟೇ. ಅವ್ವ ಅಲ್ಲಿ ಬಾಯಿ ತೆರೆಯದಿದ್ದರೆ ಆಪರೇಶನ್ ಇಲ್ಲ. ಆಪರೇಶನ್ ಇಲ್ಲದಿದ್ದರೆ ಇನ್ನೊಂದು ವರ್ಷ ನೂಕುವುದೂ ಕಷ್ಟ ಎಂದು ದೊಡ್ಡ ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಹೇಳಿದ್ದಾರೆ. ನೀನು ಬಾ ಎಂದು ಬರೆಯುವ ಧೈರ್ಯ ನನಗಿಲ್ಲ. ಬೇರೆ ಜಾತಿಯವರನ್ನು ಮದುವೆಯಾದೆ ಎಂದು ಊರು ಆಡಿದ್ದು ಒಂದು ಕಡೆ ಇರಲಿ, ಆಮೇಲೆ ನೀನು ಭಾವನನ್ನು ಕರೆದುಕೊಂಡು ಬಂದವಳು ಜಗಲಿಯಿಂದಲೇ ತಿರುಗಿ ಹೋದೆಯಲ್ಲ. ಅವತ್ತಿನಿಂದ ಈ ಮನೆಯಲ್ಲಿ ನಿನ್ನ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೂ ನಿನಗೆ ತಿಳಿಸದೆ ಇರುವುದಕ್ಕೆ ನನ್ನ ಕೈಲಿ ಆಗಲಿಲ್ಲ.

ನಿನ್ನ ತಮ್ಮ
ಅಮೃತೇಶ

&nbsp;

ಬಿಳಿಗೆರೆ
29-8-1999

ಅಕ್ಕನಿಗೆ ನಮಸ್ಕಾರ.

ನಿನ್ನ ಪಾರ್ಸಲ್ ಸಿಕ್ಕಿತು. ಉತ್ತರ ಈ ಸಲವೂ ತಡವಾಯಿತು, ಆದರೆ ಊರು ಸುತ್ತಿದ್ದಕ್ಕಲ್ಲ, ಮನೆಯಲ್ಲೇ ಕೂತಿದ್ದಕ್ಕೆ. ನಂಜನಗೂಡಿಗೆ ಹೋಗುವುದೇ ಆಗಿರಲಿಲ್ಲ. ಚಿಕ್ಕಮಾದುವೇ ಸೈಕಲ್ ಮೇಲೆ ತಂದುಕೊಟ್ಟ. ದೊಡ್ಡವರ ಬ್ರಷ್ ಅವ್ವನ ಒಸಡಿಗೆ ಒರಟಾಗುತ್ತದೆ, ದಿವ್ಯಾ ಉಜ್ಜುವಂಥದ್ದನ್ನೇ ಕಳಿಸಿದ್ದೇನೆ ಎಂದು ಬರೆದಿದ್ದೀಯ. ಮೊಲದ ಚಿತ್ರ ಇರುವ ಬ್ರಷ್ ನೋಡಿ ನನಗೆ ನಗು ಬಂತು, ಆಮೇಲೆ ಬೇರೆ ಏನೋ ಆಯಿತು. ಅದಿರಲಿ.

ಇಲ್ಲಿ ನಡೆದ ಯುದ್ಧ ಹೇಳುತ್ತೇನೆ ಕೇಳು. ಡಾಕ್ಟರಮ್ಮ ಕೊಟ್ಟಿದ್ದ ಬ್ರಷ್ಷನ್ನು ಅವ್ವ ಬಂದ ದಿನವೇ ಹೆಂಚಿನ ಸಂದಿಗೆ ಸೇರಿಸಿದ್ದಳು. ನಾನು ತೆಗೆದು ಕೊಟ್ಟರೆ, "ನಂಜನಗೂಡು ಅಲ್ಲುಪುಡಿ ಸೀಮೇಲಿ ಉಟ್ದೋಳ್ಗೆ ಅಲ್ಲುಜ್ಜದ ಕಲ್ಸಕ್ಕೆ ಬಂದ್ಯಾ" ಎಂದು ನನ್ನನ್ನೇ ಬೈದಳು. ಅವಳು ಹೇಳುವುದರಲ್ಲಿ ಅವಳ ನ್ಯಾಯ ಇದೆ. ಬೇವಿನ ಕಡ್ಡಿಯನ್ನು ಅಗಿದು, ಉಜ್ಜಿ, ಸೀಳಿ, ನಾಲಿಗೆ ಕೆರೆದುಕೊಂಡು ಎಸೆದರೆ ಅಲ್ಲಿಗೆ ಮುಗಿಯಿತು. ನಾಳೆಗೆ ಹೊಸ ಕಡ್ಡಿ.

"ನೆನ್ನೆ ಎಂಜ್ಲ ಮಡೀಕಂಡು ಇವತ್ತು ಬಾಯ್ಗೆ ಇಕ್ಕಳದು ಯಾವ ಸೀಮೆ ಶುಚಿ ಕಣ್ಲಾ?"

"ಲೋಟನೂ ದಿನಾ ಬಾಯ್ಗೆ ಇಕ್ಕಂತೀವಲ್ಲ ಅವ್ವ."

"ಲೋಟವ ಬೂದಿ ಆಕಿ ಬೆಳುಗ್ತೀವಿ. ಎಂಜ್ಲು ಓಯ್ತದೆ."

"ಯಾರ ಎಂಜ್ಲಾದ್ರೂ ಓಯ್ತದಾ?"

ನಾನು ಏನೂ ಮನಸ್ಸಿನಲ್ಲಿ ಇಟ್ಟುಕೊಂಡು ಕೇಳಲಿಲ್ಲ ಅಕ್ಕ, ಮಾತಿಗೆ ಮಾತು ಬಂತು ಅಷ್ಟೆ. ಅವ್ವ ಥಟ್ಟನೆ ಎದ್ದು ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲ ಕಲ್ಲಿನ ಹತ್ತಿರ ಕೂತು, ಕೊಟ್ಟಿಗೆ ಗೋಡೆಯ ಮೇಲೆ ಬಿದ್ದಿದ್ದ ಒಂದು ಹಳೇ ಸ್ಟೀಲ್ ಲೋಟವನ್ನು ಬೂದಿ ಹಾಕಿ ಉಜ್ಜುತ್ತಿದ್ದಾಳೆ. ಉಜ್ಜುವುದು, ಉಸಿರು ತೆಗೆದುಕೊಳ್ಳುವುದು, ಮತ್ತೆ ಉಜ್ಜುವುದು. ಕೊಡು ನಾನು ಬೆಳಗುತ್ತೇನೆ ಎಂದರೂ ಕೊಡಲಿಲ್ಲ. ಬಾಯಿ ಮುಕ್ಕಳಿಸುವುದಕ್ಕೆ ತನಗೆ ಬೇರೆ ಲೋಟ ಬೇಕು ಎಂದು ಗೋಡೆಗೆ ಹೇಳಿದಂತೆ ಹೇಳಿದಳು. ಅಂದಿನಿಂದ ಉಪ್ಪುನೀರು ಮುಕ್ಕಳಿಸುವುದು ಶುರುವಾಯಿತು.

ಬ್ರಷ್ಷಿಗೂ ಒಂದು ಒಪ್ಪಂದ ಆಯಿತು. ಉಜ್ಜಿದ ಮೇಲೆ ನಾನು ಅದಕ್ಕೆ ಕಾದ ನೀರು ಹುಯ್ದು ಹೆಂಚಿನ ಮೇಲೆ ಬಿಸಿಲಿಗೆ ಇಡಬೇಕು. ಬಿಸಿಲಲ್ಲಿ ಒಣಗಿದರೆ ನೆನ್ನೆಯದು ನೆನ್ನೆಗೇ ಹೋಯಿತಂತೆ. ಈ ಹೊತ್ತಿಗೆ ನಿನ್ನ ಪಾರ್ಸಲ್ ಬಂತು. ಎಲ್ಲಿಂದ ತಂದೆ ಎಂದು ಕೇಳಿದಳು. ನಂಜನಗೂಡಿನ ಅಂಗಡಿ ಎಂದೆ. ಮೊಲವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಮಕ್ಳ ಬ್ರೆಸ್ಸು. ಮನೇಲಿ ಕೂಸಿರೋರ್ಗೆ ತಾನೆ ಇದು ತಲೇಗೆ ಒಳೀತದೆ" ಎಂದು ಹೇಳಿ, ಹಳೆಯದನ್ನು ನನ್ನ ಕೈಗೆ ಕೊಟ್ಟು ಮೊಲವನ್ನು ತಾನು ಇಟ್ಟುಕೊಂಡಳು. ಅವಳಿಗೆ ಗೊತ್ತಾಗಿದೆ ಅಕ್ಕ.

ಆದರೆ ಅವಳಿಗೆ ಉಜ್ಜಲು ಬರುವುದಿಲ್ಲ. ತಳ ಹಿಡಿದ ಪಾತ್ರೆ ತಿಕ್ಕಿದಂತೆ ತಿಕ್ಕುತ್ತಾಳೆ, ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾಳೆ. ಡಾಕ್ಟರಮ್ಮ ನನಗೆ ಹೇಳಿದ್ದರು, ರಕ್ತ ಬರುವುದು ಬ್ರಷ್ ತಾಗಿದ್ದಕ್ಕಲ್ಲ, ಕೊಳೆ ಇರುವುದಕ್ಕೆ. ಮೆತ್ತಗೆ ದಿನಾ ಉಜ್ಜಿದರೆ ತಾನೇ ನಿಲ್ಲುತ್ತದೆ ಎಂದು. ಕೊನೆಗೆ ನಾನೇ ಕೈಗೆ ತೆಗೆದುಕೊಂಡೆ. ಬೆಳಿಗ್ಗೆ ಒಂದು ಸಲ, ಉಂಡ ಮೇಲೆ ಒಂದು ಸಲ ಅವ್ವನನ್ನು ಜಗಲಿಯ ಮೇಲೆ ಕೂರಿಸಿ, ಗಲ್ಲ ಹಿಡಿದು, ಒಸಡಿನಿಂದ ಹಲ್ಲಿನ ತುದಿಗೆ ಮೆಲ್ಲಗೆ ಎಳೆಯುವುದು. ಟೆಂಪೋ ತೊಳೆಯುವಾಗ ಚಕ್ರದ ಮೇಲ್ಗಡೆ ಕೈ ಹಾಕಿ ಕೆಸರು ತೆಗೆಯಬೇಕಲ್ಲ, ಹಾಗೇ ಒಳದವಡೆಯ ಹಿಂದೆ ಹೋಗಬೇಕು. ನನಗೂ ಬರಬರುತ್ತಾ ಕೈ ಕುದುರಿದೆ. ಎದುರು ಮನೆ ಗುರುಮಲ್ಲಮ್ಮ ದಿನಾ ಬಂದು ನಿಂತು ನೋಡುತ್ತಾಳೆ.

"ಏನ್ಲಾ ಅಮ್ರುತಿ, ಎಮ್ಮೆ ತೊಳ್ದಂಗೆ ತೊಳೀತಿದ್ದೀಯಲ್ಲ. ನಾಳೆ ಎಡ್ತಿ ಬಂದ್ರೆ ಅವಳ್ಗೂ ಇಂಗೇನಾ?"

ಅವ್ವ ಬಾಯಿತುಂಬ ನೊರೆ ಇಟ್ಟುಕೊಂಡು ಕೈಯಲ್ಲೇ ತಡಿ ಎಂದು ತೋರಿಸಿ, ಉಗಿದು, ಬಾಯಿ ಒರೆಸಿಕೊಂಡು ಉತ್ತರ ಕೊಟ್ಟಳು. "ತೊಳುಸ್ಕಳಕೆ ನಂಗೆ ಅಲ್ಲಾದ್ರೂ ಅವೆ. ನಿಂಗೆ ಅವಾ?" ಗುರುಮಲ್ಲಮ್ಮನಿಗೆ ಮುಂದಿನ ಎರಡು ಬಿಟ್ಟರೆ ಏನೂ ಉಳಿದಿಲ್ಲ. ಆ ಎರಡನ್ನೂ ತೋರಿಸಿಕೊಂಡು ನಕ್ಕಳು. ಈಗ ಅವಳೂ ಉಪ್ಪುನೀರು ಮುಕ್ಕಳಿಸುತ್ತಾಳೆ.

ರಾತ್ರಿ ಉಜ್ಜುವುದಕ್ಕೆ ಮೊದಮೊದಲು ಅಪ್ಪನದೇ ತಕರಾರು. ಉಂಡ ರುಚಿಯನ್ನು ಯಾಕೆ ತೊಳೆದುಕೊಳ್ಳಬೇಕು ಎನ್ನುವುದು ಅವನ ಪ್ರಶ್ನೆ. ಅವ್ವ ಎಲೆ ಅಡಿಕೆ ಸಂಚಿಯಿಂದ ಹೊಗೆಸೊಪ್ಪು ತೆಗೆದು ಒಣಗಿಸಿದ ನೆಲ್ಲಿಕಾಯಿ ತುಂಬಿಕೊಂಡ ಮೇಲೆ ಅವನೂ ಸುಮ್ಮನಾದ. ಎರಡು ದಿನ ಅವ್ವ ಎಲ್ಲರ ಮೇಲೂ ರೇಗಿದಳು, ಕೋಳಿಗೂ ಬೈದಳು, ಆಮೇಲೆ ಸರಿಹೋದಳು. ಮೊನ್ನೆ ರಾತ್ರಿ ನಾನು ಮುಗಿಸಿ ಏಳುವಾಗ ಕತ್ತಲಲ್ಲಿ ಹಿತ್ತಿಲ ಕಡೆ ಯಾರೋ ಮುಕ್ಕಳಿಸುವ ಸದ್ದಾಯಿತು. ಅಪ್ಪ.

ಇನ್ನೊಂದು ಹೇಳಬೇಕು. ನಾವು ಚಿಕ್ಕವರಿದ್ದಾಗ ಅವ್ವ ಇದ್ದಿಲು ಉಪ್ಪು ಕುಟ್ಟಿ ಬೆರಳಲ್ಲಿ ನಮ್ಮ ಹಲ್ಲು ಉಜ್ಜುತ್ತಿದ್ದಳಲ್ಲ. ನಿನ್ನೆ ಉಜ್ಜುವಾಗ ನನ್ನ ಕೈ ತಪ್ಪಿ ಒಸಡಿಗೆ ತಾಗಿತು, ಅವ್ವ ನನ್ನ ಬೆರಳು ಕಚ್ಚಿಬಿಟ್ಟಳು. ಕಚ್ಚಿದವಳೇ ನಗಲು ಶುರು ಮಾಡಿದಳು. ತನ್ನ ತೋರುಬೆರಳನ್ನು ದೀಪದ ಹತ್ತಿರ ಹಿಡಿದು, ಗೆಣ್ಣಿನ ಮೇಲಿರುವ ಸಣ್ಣ ಬಿಳಿ ಗುರುತನ್ನು ನನಗೆ ತೋರಿಸಿದಳು.

"ಇದ ನೋಡು. ಅಮ್ಮಣ್ಣಿ ಕಚ್ಚಿದ್ದು. ಆಲಲ್ಲು ಮೂಡ್ತಿದ್ವು ಆಗ ಅವಳ್ಗೆ."

ಇಷ್ಟು ವರ್ಷಕ್ಕೆ ನಿನ್ನ ಹೆಸರು ಈ ಮನೆಯಲ್ಲಿ ಕೇಳಿದ್ದು ಅದೇ ಮೊದಲು ಅಕ್ಕ. ಅಪ್ಪ ಒಳಗಿದ್ದ, ಕೇಳಿಸಿತು, ಆದರೂ ಕೆಮ್ಮಿ ಮಾತು ತಡೆಯಲಿಲ್ಲ. ಮುಂದೆ ಗೌರಿ ಹಬ್ಬ ಬರುತ್ತಿದೆ. ಈ ಸಲವೂ ತವರಿನ ಬಾಗಿನ ತಂದುಕೊಡುವ ಹಾಗಿಲ್ಲ ನಾನು. ಇದನ್ನೇ ಬಾಗಿನ ಎಂದುಕೋ.

ನಿನ್ನ
ಅಮೃತೇಶ

&nbsp;

ಬಿಳಿಗೆರೆ
24-10-1999

ನನ್ನ ಪ್ರೀತಿಯ ಅಕ್ಕನಿಗೆ, ಭಾವನಿಗೆ, ಗೋವಿಂದಮ್ಮನವರಿಗೆ, ಕೂಸಿಗೆ ಎಲ್ಲರಿಗೂ ನಮಸ್ಕಾರ.

ಮೊದಲು ಒಳ್ಳೆಯ ಸುದ್ದಿ. ಅವ್ವ ಪಾಸಾದಳು. ಬೆಂಗಳೂರಿನ ಡಾಕ್ಟರು ಮತ್ತೆ ಟಾರ್ಚ್ ಬಿಟ್ಟು ನೋಡಿ, ಇದೇನು ಬೇರೆಯವರ ಬಾಯಿ ತಂದಿದ್ದೀರಾ ಎಂದು ತಮಾಷೆ ಮಾಡಿದರು. ದೀಪಾವಳಿ ಕಳೆದ ಮೇಲೆ ಆಪರೇಶನ್. ಭಯ ಇದ್ದೇ ಇದೆ. ಆದರೆ ಬಾಗಿಲು ಮುಚ್ಚಿಕೊಂಡಿದ್ದ ಮನೆಯಲ್ಲಿ ಒಂದು ಕಿಟಕಿ ತೆಗೆದಂತೆ ಆಗಿದೆ, ಎಲ್ಲರೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇವೆ.

ಇಷ್ಟು ದಿನ ಬರೆಯದಿದ್ದುದಕ್ಕೆ ಮೈಸೂರಿನ ಓಡಾಟವೇ ಕಾರಣ. ಗಣಪತಿ ಹಬ್ಬ ಮುಗಿದ ಮೇಲೆ ಅವ್ವ ತಾನಾಗಿ, ನಡಿ ಆ ಡಾಕ್ಟರಮ್ಮನ ಹತ್ತಿರ ಹೋಗೋಣ ಎಂದಳು. ಹೋದವಳು ಕುರ್ಚಿಯಲ್ಲಿ ಕೂರುವುದಕ್ಕೆ ಮೊದಲು, ಇವನ್ನೆಲ್ಲ ನೀವು ಹೇಗೆ ತೊಳೆಯುತ್ತೀರಿ, ನನಗೆ ತೋರಿಸಿ ಎಂದು ಕೇಳಿದಳು. ನನಗೆ ಮುಖ ಎತ್ತಲು ಆಗಲಿಲ್ಲ. ಡಾಕ್ಟರಮ್ಮ ಮಾತ್ರ ಅವ್ವನ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋಗಿ, ದೊಡ್ಡ ಕುಕ್ಕರಿನಂಥ ಒಂದು ಡ್ರಮ್ಮು ತೋರಿಸಿದರು. ಕನ್ನಡಿ, ಚಿಮಟ ಎಲ್ಲವೂ ಅದರೊಳಗೆ ಆವಿಯಲ್ಲಿ ಬೇಯುತ್ತವೆ. ಅವ್ವ ಮುಚ್ಚಳದ ಹತ್ತಿರ ಕೈ ಹಿಡಿದು ಶಾಖ ನೋಡಿದಳು.

"ಯಾರ ಬಾಯ್ಗೆ ಓಗಿದ್ರೂ ಇದ್ರಲ್ಲಿ ಓಯ್ತದಾ ತಾಯಿ?"

"ಯಾರದಾದರೂ ಹೋಗುತ್ತಮ್ಮ. ಇದಕ್ಕೆ ಮನುಷ್ಯರ ಗುರುತು ಗೊತ್ತಾಗಲ್ಲ."

ಅವ್ವ ಬಂದು ಕುರ್ಚಿಯಲ್ಲಿ ಕೂತು ಬಾಯಿ ತೆರೆದಳು. ಅಲ್ಲಾಡುತ್ತಿದ್ದ ಎರಡನ್ನೂ ತೆಗೆದರು. ಎದೆಯ ತೊಂದರೆ ಇರುವವರಿಗೆ ಹಲ್ಲು ಕೀಳುವ ಮುಂಚೆ ಮಾತ್ರೆ ನುಂಗಿಸಬೇಕಂತೆ, ನುಂಗಿಸಿ ಸ್ವಲ್ಪ ಹೊತ್ತು ಕಾದು ಆಮೇಲೆ ಕಿತ್ತರು. ಹಲ್ಲಿನ ಮೇಲೆ ಕಟ್ಟಿದ್ದ ಗಾರೆಯನ್ನು ಬೇರೆ ಬೇರೆ ದಿನ ಕರೆಸಿ ಕೆತ್ತಿ ತೆಗೆದರು. ಒಸಡು ಗಟ್ಟಿಯಾಗಿದೆ, ರಕ್ತ ನಿಂತಿದೆ. ಈಗ ರಾಗಿ ಮುದ್ದೆ ಬಿಟ್ಟು ಹುರಿಗಡಲೆ ಬೇಕು ಎನ್ನುತ್ತಾಳೆ. ಎಲ್ಲ ಮಗ ಉಜ್ಜಿದ ಗುಣ ಎಂದು ಡಾಕ್ಟರಮ್ಮ ನನ್ನ ಬೆನ್ನು ತಟ್ಟಿದರು. ಟೆಂಪೋ ಮಾಲೀಕರು ಎರಡು ಸಲ ಹೇಳಿಕಳಿಸಿದರು, ಆಪರೇಶನ್ ಆಗಲಿ ಎಂದೆ. ನಾನು ಒಂದು ಕೆಲಸವನ್ನು ಇಷ್ಟು ದಿನ ಮಾಡಿದ್ದು ಇದೇ ಮೊದಲು. ಬೇಜಾರೂ ಆಗಿಲ್ಲ, ನನಗೇ ಆಶ್ಚರ್ಯ.

ಬೆಂಗಳೂರಿನಿಂದ ಬರುವಾಗ ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟು, ನಾನು ಅವ್ವ ಹಿಂದೆ. ಮಂಡ್ಯ ದಾಟಿತು, ಶ್ರೀರಂಗಪಟ್ಟಣ ದಾಟಿತು, ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಎಂದುಕೊಂಡೆ. ಮೈಸೂರು ಹತ್ತಿರ ಬಂದಾಗ ಅಪ್ಪನ ಬೆನ್ನಿಗೆ ಕೇಳುವಂತೆ ಹೇಳಿದಳು.

"ಊರೋರ ಬಾಯ್ಗೆಲ್ಲ ಓಗಿ ಬಂದ ಕನ್ನಡಿಗೆ ಬಾಯಿ ತಗುದ್ನಲ್ಲ ನಾನು. ನನ್ನ ಮಗಳ ಮನೆ ನೀರ್ಗೆ ಮಾತ್ರ ಮುಚ್ಕಂಡಿದ್ದೆ. ಎದೆ ಕುಯ್ಸ್ಕಳಕೆ ಮುಂಚೆ ಒಂದ್ಸಲ ಓಗಿ ಬರ್ಬೇಕು."

ಅಪ್ಪ ತಿರುಗಿ ನೋಡಲಿಲ್ಲ. ಬಸ್ಸು ಇಳಿಯುವಾಗ, "ಸುತ್ತೂರು ಮ್ಯಾಲೆ ನರಸೀಪುರಕ್ಕೆ ಓಗ ಬಸ್ಸು ಏಟೊತ್ಗೆ ಅದೆ, ಕೇಳ್ಕಂಡು ಬಾ" ಎಂದು ನನಗೆ ಹೇಳಿದ.

ಕೇಳಿಕೊಂಡು ಬಂದಿದ್ದೇನೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಮೂವರೂ ಬರುತ್ತೇವೆ. ಭಾವನಿಗೂ ಗೋವಿಂದಮ್ಮನವರಿಗೂ ಒಪ್ಪಿಗೆ ಇದೆಯೇ ಎಂದು ಮೊದಲು ಕೇಳು. ಇಲ್ಲ ಎಂದರೆ ಚಿಕ್ಕಮಾದುವಿಗೆ ಒಂದು ಕಾರ್ಡು ಹಾಕು, ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಳ್ಳುವ ಹಕ್ಕು ನಮ್ಮದಲ್ಲ. ಅಡುಗೆಗೆ ತುಂಬ ಮಾಡಬೇಡ. ಉಪ್ಪು ಕಡಿಮೆ ಹಾಕು, ಡಾಕ್ಟರು ಹೇಳಿದ್ದಾರೆ. ದಿವ್ಯಾಗೆ ರಾತ್ರಿ ಉಂಡ ಮೇಲೂ ಹಲ್ಲು ಉಜ್ಜಿಸು, ಗಂಟಲು ನೋವು ಜ್ವರ ಬಂದರೆ ಅಸಡ್ಡೆ ಮಾಡದೆ ಡಾಕ್ಟರಿಗೆ ತೋರಿಸು. ಅವ್ವನಿಗೆ ಬಂದದ್ದು ಅಂಥ ಜ್ವರದಿಂದಲೇ. ಕೂಸಿನ ಹಲ್ಲೂ ಎದೆಯೂ ನೂರು ವರ್ಷ ಗಟ್ಟಿಯಾಗಿರಲಿ ಎಂದು ಅವ್ವ ಹರಸಿದ್ದಾಳೆ. ನಮಗೂ ನಿಮ್ಮೆಲ್ಲರ ಆಶೀರ್ವಾದ ಇರಲಿ.

ನಿನ್ನ ತಮ್ಮ
ಅಮೃತೇಶ

ಮ.ವಿ.: ಬರೆಯಲೋ ಬೇಡವೋ ಎಂದು ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಅವ್ವ ಮುಕ್ಕಳಿಸುವ ಲೋಟದ ವಿಷಯ ಬರೆದಿದ್ದೆನಲ್ಲ. ಅದು ಯಾವುದು ಎಂದು ನಿನಗೆ ಹೊಳೆದಿರಬಹುದು. ಅವತ್ತು ಜಗಲಿಯ ಮೇಲೆ ಭಾವನಿಗೆ ನೀರು ಕೊಟ್ಟಿದ್ದು ಅದರಲ್ಲೇ. ಭಾವ ಎತ್ತಿ ಕುಡಿದರು. ತುಟಿ ತಾಗಿಸಲಿಲ್ಲ, ಒಂದು ಹನಿ ಎಂಜಲು ಆಗಿರಲಿಲ್ಲ. ಆದರೂ ಅವ್ವ ಅದನ್ನು ಒಳಗೆ ತರದೆ ಕೊಟ್ಟಿಗೆ ಗೋಡೆಯ ಮೇಲೆ ಇಟ್ಟಳು. ನೀನು ನೋಡಿದೆ. ಭಾವನೂ ನೋಡಿದರು. ಅದಕ್ಕೇ ನೀವು ಒಳಗೆ ಬರಲಿಲ್ಲ. ಅಷ್ಟು ವರ್ಷ ಅದು ಮಳೆ ಬಿಸಿಲಿಗೆ ಅಲ್ಲೇ ಇತ್ತು. ಈಗ ದಿನಾ ಎರಡು ಹೊತ್ತು ಅವ್ವ ಅದನ್ನು ಕಚ್ಚಿಯೇ ನೀರು ತೆಗೆದುಕೊಳ್ಳುತ್ತಾಳೆ, ಎತ್ತಿ ಹುಯ್ದುಕೊಳ್ಳುವುದಿಲ್ಲ. ಭಾನುವಾರಕ್ಕೆ ಅದನ್ನು ಬೆಳಗಿ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ನಿಮ್ಮ ಜಗಲಿಯ ಮೇಲೆಯೇ ಕೂರುತ್ತಾಳಂತೆ. ಭಾವ ಅದರಲ್ಲಿ ನೀರು ಕೊಟ್ಟರೆ ಒಳಗೆ ಬರುತ್ತಾಳೆ. ಕೊಡದಿದ್ದರೆ ಅದು ಅವರ ನ್ಯಾಯ, ನಾನು ಕೇಳುವುದಿಲ್ಲ ಎಂದಿದ್ದಾಳೆ.